ಒಳಗಿನಿಂದ ತೆಗೆಯಲಾಗದ ಬೀಗ

ಫೆಬ್ರವರಿ 9

ಪ್ರೀತಿಯ ಅಕ್ಕನಿಗೆ,

ಮೊದಲೇ ಹೇಳಿಬಿಡುತ್ತೇನೆ, ನಾವಿಬ್ಬರೂ ಚೆನ್ನಾಗಿದ್ದೇವೆ. ಬೇರೆ ಯಾರ ಬಾಯಿಂದಲೋ ಕೇಳಿ ನೀನು ಗಾಬರಿಯಾಗುವುದು ಬೇಡ ಎಂದು ಬರೆಯುತ್ತಿದ್ದೇನೆ.

ಮೊನ್ನೆ ಬೆಳಗಿನ ಜಾವ ಮನೆಯೊಳಗೆ ಒಬ್ಬ ಬಂದಿದ್ದ. ಅಡುಗೆಮನೆಯಲ್ಲಿ ಸದ್ದಾಯಿತು. ಮನೆ ಕೊಂಡಾಗ ನೀನು ಹಟ ಹಿಡಿದು ಕೊಡಿಸಿದ ಪಿಸ್ತೂಲು ತೆಗೆದುಕೊಂಡು ಹೋಗಿ ಹೊಡೆದೆ. ಗುರಿ ತಪ್ಪಿ ಸಿಂಕಿನ ಮೇಲಿನ ಟೈಲ್ಸಿಗೆ ಬಿತ್ತು. ಚೂರು ಸಿಡಿದು ಅವನ ಹಣೆ ಸ್ವಲ್ಪ ಕುಯ್ದಿದೆ, ಅಷ್ಟೇ. ಪೊಲೀಸರು ಬಂದು ಕರೆದುಕೊಂಡು ಹೋದರು. ನನ್ನ ಮೇಲೆ ಏನೂ ಇಲ್ಲವಂತೆ. ಮನೆಯೊಳಗೆ ಬಂದವನ ಮೇಲೆ ಮನೆಯವರು ಆಯುಧ ಎತ್ತಬಹುದು, ಅದು ಕಾನೂನು ಕೊಟ್ಟ ಹಕ್ಕು ಎಂದು ಇನ್‌ಸ್ಪೆಕ್ಟರು ನನ್ನ ಬೆನ್ನು ತಟ್ಟಿ ಹೋದರು.

ಇವಳು ಅವತ್ತಿನಿಂದ ಹೆಚ್ಚು ಮಾತಾಡುತ್ತಿಲ್ಲ. ಒಡೆದ ಟೈಲ್ಸ್ ಕಾಣಬಾರದೆಂದು ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದಾಳೆ. ಪಾತ್ರೆ ತೊಳೆಯುವಾಗ ನೀರು ಹಾರಿ ಫೆಬ್ರವರಿ ಪೂರ್ತಿ ಒದ್ದೆಯಾಗಿದೆ.

ನಿನ್ನ ತಮ್ಮ


ಫೆಬ್ರವರಿ 16

ಚಿಲಕಾ,

ನಿನ್ನ ಕಾಗದ ಓದಿ ಮೊದಲು ಕೈಕಾಲು ತಣ್ಣಗಾಯಿತು, ಆಮೇಲೆ ಹೊಟ್ಟೆ ತಣ್ಣಗಾಯಿತು. ಚಿಕ್ಕವನಿದ್ದಾಗ ಸಿಕ್ಕ ಸಿಕ್ಕ ಬಾಗಿಲಿನ ಚಿಲಕಕ್ಕೆ ಜೋತುಬಿದ್ದು ಅಪ್ಪನಿಂದ ಒದೆ ತಿಂದು ಈ ಹೆಸರು ಗಳಿಸಿದವನು ನೀನು. ಇರುವೆ ತುಳಿದರೂ ಅಳುತ್ತಿದ್ದೆ. ನೀನು ಬಂದೂಕು ಎತ್ತುತ್ತೀಯ ಎಂದು ನನಗೇ ನಂಬಿಕೆ ಇರಲಿಲ್ಲ. ಗುರಿ ತಪ್ಪಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಇನ್ನೊಬ್ಬ ಬರುವ ಮುಂಚೆ ಹತ್ತು ಸಲ ಯೋಚಿಸುತ್ತಾನೆ.

ನಾನು ಯಾಕೆ ಹಟ ಹಿಡಿದೆ ಎಂದು ಈಗಲಾದರೂ ಗೊತ್ತಾಯಿತಲ್ಲ. ನಿಮ್ಮ ಭಾವ ಹೋದ ಮರುವರ್ಷ ನನ್ನ ಮನೆಗೆ ಇಬ್ಬರು ನುಗ್ಗಿದರು. ಹೊಲಿಗೆ ಯಂತ್ರದ ಮುಂದಿನ ಕುರ್ಚಿಗೇ ನನ್ನನ್ನು ಕಟ್ಟಿದರು, ನಾನೇ ಕತ್ತರಿಸಿಟ್ಟಿದ್ದ ಲೈನಿಂಗ್ ಬಟ್ಟೆಯ ಪಟ್ಟಿಗಳಿಂದ. ಬೆಳಿಗ್ಗೆ ಹಾಲಿನವನು ಬರುವ ತನಕ ಹಾಗೇ ಇದ್ದೆ. ಪೊಲೀಸರು ಮಧ್ಯಾಹ್ನ ಊಟ ಮುಗಿಸಿ ಬಂದರು. ಕಳ್ಳ ಬಾಗಿಲಲ್ಲಿದ್ದಾಗ ಪೊಲೀಸು ಯಾವಾಗಲೂ ದಾರಿಯಲ್ಲೇ ಇರುತ್ತಾರೆ, ತಮ್ಮಾ. ನಮ್ಮ ಮನೆಯನ್ನು ನಾವೇ ಕಾಯಬೇಕು. ಆ ಹಕ್ಕಿಗೂ ಯಾರದಾದರೂ ಕಾಲು ಹಿಡಿಯಬೇಕೇ?

ಅವನು ಒಳಗೆ ಹೇಗೆ ಬಂದ ಎಂದು ನೀನು ಬರೆಯಲೇ ಇಲ್ಲ. ಊರಿನ ಬೀಗಗಳನ್ನೆಲ್ಲ ರಿಪೇರಿ ಮಾಡುವವನ ಮನೆಗೇ ಕನ್ನ ಎಂದರೆ ನಿನ್ನ ಅಂಗಡಿಯ ಮರ್ಯಾದೆ ಏನಾಗಬೇಕು! ನಾಳೆಯೇ ಬೀಗ ಬದಲಿಸು.

ಮಗಳು ಈ ತಿಂಗಳೂ ಬರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಜಾಸ್ತಿಯಂತೆ. ಹೋದ ಸಲ ಬಂದಾಗ ತನ್ನ ಹತ್ತಿರ ಇದ್ದ ಬೀಗದ ಕೈಯನ್ನೂ ಕೊಟ್ಟು ಹೋದಳು, ಎಲ್ಲಾದರೂ ಕಳೆದೀತು ಅಂತ. ಮುಂಬಾಗಿಲ ಚೌಕಟ್ಟಿನ ಮೇಲೆ ಒಂದು ಹಿಡಿ ಗಾರೆ ಉದುರಿದೆ. ಗಾರೆ ಮೇಸ್ತ್ರಿ ಇವತ್ತು ನಾಳೆ ಎನ್ನುತ್ತಾನೆ.

ಅಕ್ಕ


ಮಾರ್ಚ್ 3

ಅಕ್ಕಾ,

ನಿನ್ನ ಶಹಭಾಸ್‌ಗಿರಿ ಓದಿ ನಾಚಿಕೆಯಾಯಿತು. ನಿನ್ನೊಬ್ಬಳದೇ ಅಲ್ಲ, ಇಲ್ಲಿ ಬೀದಿಗೆ ಬೀದಿಯೇ ನನ್ನನ್ನು ಹೊತ್ತು ಮೆರೆಸುತ್ತಿದೆ. ಹೋದ ಭಾನುವಾರ ಬೀದಿ ಸಂಘದವರು ಸಭೆ ಕರೆದರು. ಅಧ್ಯಕ್ಷರು ಕಾನೂನಿನ ಪುಸ್ತಕ ತಂದು ಓದಿದರು. ನನ್ನನ್ನು ಮುಂದೆ ಕೂರಿಸಿ, 'ಇವರ ಧೈರ್ಯ ನಮಗೆಲ್ಲ ಪಾಠ' ಎಂದರು. ನಾನು ಎದ್ದು, ಬಂದವನು ಕಳ್ಳನಲ್ಲ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಚಪ್ಪಾಳೆ ಹೊಡೆದರು, ಕೂತುಬಿಟ್ಟೆ. ಈಗ ಬೀದಿಯ ಬಾಯಲ್ಲಿ ಒಂದು ಬೋರ್ಡು ನಿಂತಿದೆ: 'ಇಲ್ಲಿನ ಮನೆಗಳಲ್ಲಿ ಆಯುಧ ಇದೆ, ಎಚ್ಚರ.' ನಮ್ಮ ಪಕ್ಕದ ಮನೆಯ ಕನ್ನಡಕದಂಗಡಿಯವರು ಎಲ್ಲರಿಗಿಂತ ಮೊದಲು ಪಿಸ್ತೂಲು ತಂದರು. ಹೇಗೆ ಹಿಡಿಯಬೇಕು ಎಂದು ನನ್ನನ್ನು ಕೇಳಲು ಬಂದಿದ್ದರು!

ಬಂದವನು ಯಾರೆಂದು ಹೇಳುತ್ತೇನೆ ಕೇಳು. ಈ ಮನೆಯನ್ನು ನಮಗೆ ಮಾರಿದ ಬೇಕರಿ ತಾತ. ಹೆಂಡತಿ ತೀರಿಕೊಂಡ ಮೇಲೆ ಮನೆ ಮಾರಿ ಹಿಂದಿನ ಬೀದಿಯಲ್ಲಿ ಮಗಳ ಜೊತೆ ಇದ್ದಾರೆ. ಈಚೆಗೆ ಮರೆವು ಹಿಡಿದಿದೆಯಂತೆ. ನಮಗೆ ಗೊತ್ತಿರಲಿಲ್ಲ. ಬೇಕರಿಯವರ ಕೆಲಸ ನಿನಗೆ ಗೊತ್ತಲ್ಲ, ಊರು ಮಲಗಿದಾಗ ಒಲೆಯ ಮುಂದೆ, ಊರು ಏಳುವಾಗ ಹಾಸಿಗೆಗೆ. ಜೀವಮಾನವಿಡೀ ಬೆಳಗಿನ ಜಾವ ಮನೆಗೆ ಬಂದು, ಹೆಂಡತಿಗೆ ಎಚ್ಚರವಾಗಬಾರದೆಂದು ದೀಪ ಹಾಕದೆ, ಕತ್ತಲಲ್ಲೇ ಅಡುಗೆಮನೆಗೆ ಹೋಗಿ ಕೈಯಿಂದ ಹಿಟ್ಟು ತೊಳೆದುಕೊಂಡು ಮಲಗಿದವರು. ಅವತ್ತೂ ಹಾಗೇ ಮಾಡಿದರು.

ನಲ್ಲಿಯ ಸದ್ದು ನನಗೆ ಕೇಳಿಸಿತ್ತು ಅಕ್ಕ. ಸೋಪು ಉಜ್ಜುವ ಸದ್ದೂ ಕೇಳಿಸಿತ್ತು. ಕದಿಯಲು ಬಂದವನು ಸೋಪು ಹಚ್ಚಿ ಕೈ ತೊಳೆಯುತ್ತಾನಾ? ಅದು ತಲೆಗೆ ಹೋಗುವ ಮೊದಲೇ ಬೆರಳು ಒತ್ತಿತ್ತು. ಅವರು ಹಣೆಯಿಂದ ರಕ್ತ ಸುರಿಯುತ್ತಿದ್ದರೂ ತಿರುಗಿ ನೋಡಿ, 'ನಿದ್ದೆ ಕೆಡಿಸಿಬಿಟ್ನಾ? ದೀಪ ಹಾಕ್ಬೇಡ, ನೀನು ಮಲ್ಕೋ' ಎಂದರು. ಹೆಂಡತಿ ಎಂದುಕೊಂಡಿದ್ದರು ನನ್ನನ್ನು.

ಬಾಗಿಲು ಒಡೆದಿರಲಿಲ್ಲ. ಕೊರಳಲ್ಲಿ ದಾರಕ್ಕೆ ಕಟ್ಟಿದ್ದ ಬೀಗದ ಕೈಯಿಂದ ತೆಗೆದು ಬಂದಿದ್ದರು. ಮನೆ ಬಿಟ್ಟುಕೊಡುವಾಗ ಒಂದು ಬೀಗದ ಕೈ ಕೊಟ್ಟಿದ್ದರು, ಇನ್ನೊಂದು ಇದೆಯೇ ಎಂದು ನಾನು ಕೇಳಿರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ 'ಮನೆ ಕೊಂಡ ದಿನವೇ ಬೀಗ ಬದಲಿಸಿ' ಎಂದು ಉಪದೇಶ ಮಾಡುವವನು ನಾನೇ. ಆದರೆ ನಮ್ಮ ಬಾಗಿಲಿನದು ಆರು ಲಿವರಿನ ಹಳೆಯ ಹಿತ್ತಾಳೆ ಬೀಗ. ಇಂಥದ್ದನ್ನು ಈಗ ಯಾರೂ ಮಾಡುವುದಿಲ್ಲ. ಕೈ ತಿರುಗಿಸಿದರೆ ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸು. ಅದನ್ನು ಕಿತ್ತು ತಗಡಿನ ಬೀಗ ಹಾಕಲು ಮನಸ್ಸು ಬರಲಿಲ್ಲ. ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ.

ಇದನ್ನೆಲ್ಲ ಇನ್‌ಸ್ಪೆಕ್ಟರಿಗೂ ಹೇಳಿದೆ. 'ಬೀಗದ ಕೈ ಇದ್ರೇನು, ಮನೆ ನಿಮ್ಮದು ತಾನೆ? ಹಕ್ಕು ಹಕ್ಕೇ' ಎಂದು ನಕ್ಕುಬಿಟ್ಟರು. ತಾತನನ್ನು ಮಗಳ ಮನೆಗೆ ಬಿಟ್ಟು ಬಂದರಂತೆ. ಕೊರಳಿನ ಬೀಗದ ಕೈಯನ್ನು ಯಾರೂ ತೆಗೆದುಕೊಂಡಿಲ್ಲ. ತೆಗೆಯಲು ಹೋದರೆ ಮಗುವಿನ ಹಾಗೆ ಅಳುತ್ತಾರಂತೆ.

ತಮ್ಮ


ಮಾರ್ಚ್ 12

ಚಿಲಕಾ,

ತಾತನಾಗಲಿ ಮೊಮ್ಮಗನಾಗಲಿ, ಕತ್ತಲಲ್ಲಿ ಮುಖ ಕಾಣುತ್ತದೆಯೇ? ನೀನು ಮಾಡಿದ್ದರಲ್ಲಿ ತಪ್ಪಿಲ್ಲ. ಯಾರು ಎಂದು ಕೇಳಿ, ಊರು ಯಾವುದು ಎಂದು ವಿಚಾರಿಸಿ, ಆಮೇಲೆ ಹೊಡೆಯಲು ಅದೇನು ಹೆಣ್ಣು ನೋಡುವ ಶಾಸ್ತ್ರವೇ? ನನ್ನನ್ನು ಕಟ್ಟಿಹಾಕಿದವರಲ್ಲಿ ಒಬ್ಬ, 'ಹೆದರ್ಬೇಡಿ ಅಮ್ಮ' ಎಂದು ಎಷ್ಟು ಮೆತ್ತಗೆ ಹೇಳಿದ ಗೊತ್ತೇ? ಆ ಮೆತ್ತನೆಯ ದನಿಯೇ ಇವತ್ತಿಗೂ ನನ್ನನ್ನು ಎಬ್ಬಿಸುತ್ತದೆ.

ಅಯ್ಯೋ ಪಾಪ ಎಂದರೆ ಅರೆಪಾಲು ಆಯುಷ್ಯ ಹೋಯಿತು ಎನ್ನುತ್ತಾರೆ. ಪಾಪ ಅನ್ನು, ಬೇಡ ಎನ್ನುವುದಿಲ್ಲ. ಬೀಗ ಬದಲಿಸಿ ಅನ್ನು. ಅವರ ಹತ್ತಿರ ಬೀಗದ ಕೈ ಇದೆ, ನಿನ್ನ ಹತ್ತಿರ ಪಿಸ್ತೂಲು ಇದೆ. ಎರಡೂ ಒಂದೇ ಮನೆಗೆ ಆಗಿಬರುವುದಿಲ್ಲ.

ನಾನು ಈಗ ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬ್ಲೌಸು ಹೊಲಿಸುವವರಿಗೆ ಅಳತೆಗೆ ಹಳೆಯದನ್ನು ತಂದುಕೊಡಿ ಎಂದು ಕಿಟಕಿಯ ಸರಳಿನಿಂದ ತೆಗೆದುಕೊಳ್ಳುತ್ತೇನೆ, ಹೊಲಿದದ್ದನ್ನೂ ಅಲ್ಲಿಂದಲೇ ಕೊಡುತ್ತೇನೆ. ಜನ ಜೈಲಿನ ಭೇಟಿ ಎಂದು ತಮಾಷೆ ಮಾಡುತ್ತಾರೆ. ಮಾಡಲಿ. ಗಿರಾಕಿ ಕಡಿಮೆಯಾಗಿದ್ದಾರೆ, ಜೀವ ಇದೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ಉತ್ತರ ತಡವಾಯಿತು, ಬೈಯಬೇಡ. ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಬೋರ್ಡು ನಿಂತ ಮೇಲೆ ಊರಿಗೆಲ್ಲ ಭಯ ಬಂದುಬಿಟ್ಟಿದೆ, ಒಂದು ಬಾಗಿಲಿಗೆ ಮೂರು ಬೀಗ ಕೇಳುತ್ತಾರೆ. ನಮ್ಮ ಬೀಗಕ್ಕೂ ಏನು ಬೇಕೋ ಮಾಡಿದ್ದೇನೆ, ನೀನು ಚಿಂತೆ ಬಿಡು.

ಮೊನ್ನೆ ತಾತನ ಮಗಳು ಅಂಗಡಿಗೆ ಬಂದಿದ್ದಳು. ನನ್ನನ್ನು ಬೈಯಲು ಬಂದಳು ಎಂದುಕೊಂಡು ಕೌಂಟರಿನ ಹಿಂದೆ ಎದ್ದು ನಿಂತೆ. ಬೈಯಲಿಲ್ಲ.

'ಒಳಗಿಂದ ತೆಗೆಯೋಕೆ ಆಗದೇ ಇರೋ ಬೀಗ ಇದ್ಯಾ?' ಎಂದು ಕೇಳಿದಳು.

'ಯಾತಕ್ಕೆ?'

'ಅಪ್ಪನ ರೂಮಿಗೆ. ನಾನು ಎಷ್ಟು ಅಂತ ಎದ್ದು ಕೂರ್ಲಿ? ಕಣ್ಣು ಮುಚ್ಚಿದ್ರೆ ಸಾಕು, ಚಪ್ಪಲಿ ಹಾಕ್ಕೊಂಡು ಹೊರಟಿರ್ತಾರೆ.'

'ಅಲ್ಲಮ್ಮ, ಮನುಷ್ಯರನ್ನ ಒಳಗಿಟ್ಟು ಹೊರಗಿಂದ ಬೀಗ ಹಾಕೋದಾ? ಬೆಂಕಿಗಿಂಕಿ ಬಿದ್ರೆ?'

'ಬೆಂಕಿ ಬಿದ್ರೆ ತೆಗೆಯೋಕೆ ನಾನಿದ್ದೀನಿ. ಗುಂಡು ಬಿದ್ರೆ ಯಾರಿದ್ದಾರೆ?'

ಅಂಥ ಬೀಗ ಸದ್ಯಕ್ಕೆ ಇಲ್ಲ, ತರಿಸಿಕೊಡುತ್ತೇನೆ ಎಂದು ಕಳಿಸಿದೆ. ನನ್ನ ಬೆನ್ನ ಹಿಂದಿನ ಗೋಡೆಯ ತುಂಬ ಅಂಥವೇ ತೂಗುತ್ತಿದ್ದವು. ಅವಳು ಅವನ್ನು ನೋಡಿಯೂ ನೋಡದ ಹಾಗೆ ಹೋದಳು.

ಇವಳು ಚೆನ್ನಾಗಿದ್ದಾಳೆ. ಮಗಳಿಗೆ ನನ್ನ ಆಶೀರ್ವಾದ. ನಿನ್ನ ಗಾರೆ ಕೆಲಸ ಆಯಿತೇ? ಚೌಕಟ್ಟಿನ ಮೇಲೆ ಗಾರೆ ಸುಮ್ಮನೆ ಉದುರುವುದಿಲ್ಲ, ಮರ ಬಾಗಿದೆಯೋ ಏನೋ ನೋಡಿಸು.

ತಮ್ಮ


ಏಪ್ರಿಲ್ 10

ನಿನ್ನ ಹೆಂಡತಿಯ ಕಾಗದ ಬಂತು. ಮದುವೆಯಾದಾಗಿನಿಂದ ಅವಳು ನನಗೆ ಬರೆದ ಮೊದಲ ಕಾಗದ.

ಬೀಗಕ್ಕೆ ಏನು ಬೇಕೋ ಮಾಡಿದ್ದೇನೆ ಎಂದರೆ ಬದಲಿಸಿದ್ದಾನೆ ಎಂದುಕೊಂಡೆ ನಾನು, ಪೆದ್ದಿ. ನೀನು ಮಾಡಿದ್ದು ಎಣ್ಣೆ ಬಿಟ್ಟದ್ದು! ತಾತ ಆಗಾಗ ಬರುತ್ತಾರಂತೆ. ನೀನು ಎದ್ದು ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕಾಯುತ್ತೀಯಂತೆ. ಅವರು ಕೈ ತೊಳೆಯುತ್ತಾರಂತೆ, ನೀನು ಟವೆಲು ಕೊಡುತ್ತೀಯಂತೆ, ಬೆಳಕು ಹರಿದ ಮೇಲೆ ಮಗಳ ಮನೆಗೆ ಬಿಟ್ಟು ಬರುತ್ತೀಯಂತೆ. ಇದೆಲ್ಲ ನನಗೆ ಯಾಕೆ ಬರೆಯಲಿಲ್ಲ?

ಅವಳು ಏನು ಬರೆದಿದ್ದಾಳೆ ಗೊತ್ತೇ? 'ಅತ್ತಿಗೆ, ತಾತ ಒಳ್ಳೆಯವರೇ. ಆದರೆ ಬೀಗದಲ್ಲಿ ಕೈ ತಿರುಗಿದ ಸದ್ದಾದಾಗ ಅದು ತಾತನೇ ಎಂದು ನನಗೆ ಹೇಗೆ ಗೊತ್ತಾಗಬೇಕು? ನಾನು ರೂಮಿನ ಬಾಗಿಲಿಗೆ ಮೇಜು ಒತ್ತಿಟ್ಟು ಮಲಗುತ್ತೇನೆ.' ನಿನ್ನ ಮನೆಯೊಳಗೆ ನಿನ್ನ ಹೆಂಡತಿ ಮೇಜು ಒತ್ತಿಟ್ಟು ಮಲಗುತ್ತಾಳೆ, ನೀನು ಊರವರಿಗೆ ಟವೆಲು ಹಿಡಿದು ನಿಲ್ಲುತ್ತೀಯ.

ನಾನು ಆ ಕುರ್ಚಿಯಲ್ಲಿ ಕೂತಿದ್ದಾಗ ಏನು ಯೋಚಿಸುತ್ತಿದ್ದೆ ಎಂದು ಯಾರಿಗೂ ಹೇಳಿಲ್ಲ. ಬಾಯಿಗೆ ಬಟ್ಟೆ ತುರುಕಿದ್ದರು, ಮೂಗು ಕಟ್ಟುತ್ತಿತ್ತು. ಸಾಯುತ್ತೇನೆ ಎಂದಲ್ಲ, ಬಾಗಿಲು ತೆರೆದೇ ಇದೆ, ಇನ್ನೂ ಯಾರು ಬೇಕಾದರೂ ಬರಬಹುದು ಎಂದು ಯೋಚಿಸುತ್ತಿದ್ದೆ. ಆ ತೆರೆದ ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ಅವಳನ್ನು ಅಲ್ಲಿ ಕೂರಿಸಬೇಡ.

ನನ್ನ ಮೇಲೆ ಆಣೆ. ಬದಲಿಸು.

ಅಕ್ಕ


ಏಪ್ರಿಲ್ 17

ಅಕ್ಕಾ,

ಬದಲಿಸಿದೆ.

ಹಳೆಯ ಬೀಗವನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ ಅಂಗಡಿಯ ಡ್ರಾಯರಿನಲ್ಲಿಟ್ಟಿದ್ದೇನೆ. ಇವಳು ಮೇಜನ್ನು ಮೊದಲಿದ್ದ ಜಾಗಕ್ಕೆ ಎಳೆದಿಟ್ಟಳು.

ತಾತನ ಮಗಳು ಮತ್ತೆ ಬಂದಿದ್ದಳು. ಅವಳ ಬೀಗ ಮಾತ್ರ ನನ್ನ ಕೈಲಿ ಹಾಕಲಾಗುವುದಿಲ್ಲ ಎಂದುಬಿಟ್ಟೆ. ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಕಳ್ಳರನ್ನು ಹೊರಗಿಡುವ ಕೆಲಸ ನನ್ನದು, ಅಪ್ಪಂದಿರನ್ನು ಒಳಗಿಡುವುದಲ್ಲ. ಅವಳು, 'ಬೇರೆಯವ್ರು ಯಾರಿದ್ದಾರೆ ಈ ಊರಲ್ಲಿ?' ಎಂದು ಹೊರಟುಹೋದಳು. ನಿಜ, ನನ್ನದೊಂದೇ ಅಂಗಡಿ.

ತಮ್ಮ


ಏಪ್ರಿಲ್ 25

ನನ್ನ ಚಿನ್ನದಂಥ ಚಿಲಕಾ,

ಈಗ ನೋಡು, ಎಷ್ಟು ಹಗುರಾಯಿತು. ಎರಡು ದಿನ ಒಳ್ಳೆಯ ನಿದ್ದೆ ಮಾಡಿದೆ. ಮುದುಕರು ನಾಲ್ಕು ಸಲ ಬಂದು ಬಾಗಿಲು ತೆರೆಯದಿದ್ದರೆ ತಾವೇ ಮರೆಯುತ್ತಾರೆ. ಮರೆಯುವುದೇ ಅವರ ಕಾಯಿಲೆ ತಾನೆ!

ನಿನ್ನ ಹೆಂಡತಿಗೆ ಒಂದು ನೈಟಿ ಹೊಲಿದು ಕಳಿಸಿದ್ದೇನೆ. ಅಳತೆ ಅಂದಾಜಿನದು, ಉದ್ದವಾದರೆ ಮಡಿಸಿ ಹೊಲಿದುಕೊಳ್ಳಲಿ. ಮಗಳು ರಜೆ ಇದ್ದರೂ ಬರುತ್ತಿಲ್ಲ. 'ನೀನೇ ಇಲ್ಲಿಗೆ ಬಾ ಅಮ್ಮ' ಎನ್ನುತ್ತಾಳೆ. ಮನೆ ಬಿಟ್ಟು ನಾನು ಹೇಗೆ ಹೋಗಲಿ? ನಾನಿಲ್ಲದಾಗ ಯಾರಾದರೂ ನುಗ್ಗಿದರೆ? ಗಾರೆ ಹಾಗೇ ಇದೆ. ಮರ ಬಾಗಿಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಅಕ್ಕ


ಮೇ 11

ಅಕ್ಕಾ,

ತಾತ ಹೋದರು.

ಸೋಮವಾರ ಬೆಳಗಿನ ಜಾವ. ನನಗೆ ಎಚ್ಚರವಿತ್ತು. ಆ ಹೊತ್ತಿಗೆ ಈಗ ತಾನಾಗಿಯೇ ಎಚ್ಚರವಾಗುತ್ತದೆ. ಬಾಗಿಲಿನ ಹತ್ತಿರ ಹೆಜ್ಜೆ ಕೇಳಿತು, ಬೀಗದೊಳಗೆ ಹಳೆಯ ಬೀಗದ ಕೈ ಹಾಕಿದ್ದು ಕೇಳಿತು. ಒಂದು ಬೀಗದ ಕೈಯನ್ನು ಬೇರೆ ಬೀಗದಲ್ಲಿ ಆಡಿಸಿದರೆ ಒಂದು ಸದ್ದು ಬರುತ್ತದೆ, ಒಣ ಸದ್ದು. ದಿನವಿಡೀ ಅಂಗಡಿಯಲ್ಲಿ ಕೇಳುವ ಸದ್ದೇ. ತೆಗೆದರು, ಮತ್ತೆ ಹಾಕಿದರು. ಪಂಚೆಯಿಂದಲೋ ಏನೋ ಒರೆಸಿ ಮತ್ತೆ ಹಾಕಿದರು. ನಾನು ಏಳಲು ಹೋದೆ. ಇವಳು ನಿದ್ದೆಯಲ್ಲಿರಲಿಲ್ಲ, ನನ್ನ ತೋಳು ಹಿಡಿದುಕೊಂಡಳು. ನೀನು ಬರೆದದ್ದು ನೆನಪಾಯಿತು, ನಾಲ್ಕು ಸಲ ಬಂದು ಮರೆಯುತ್ತಾರೆ ಎಂದು. ಮಲಗಿಯೇ ಇದ್ದೆ. ಹೆಜ್ಜೆ ದೂರವಾಯಿತು. ಮಗಳ ಮನೆಗೆ ಹೋದರು ಎಂದುಕೊಂಡೆ.

ಅವರು ಹಿತ್ತಲಿಗೆ ಹೋಗಿದ್ದರು. ನಮ್ಮದೂ ಕನ್ನಡಕದವರದೂ ಒಂದೇ ಗೋಡೆಯ ಜೋಡಿ ಮನೆಗಳು, ಹಿಂದಿನಿಂದ ನೋಡಿದರೆ ಅಡುಗೆಮನೆಯ ಬಾಗಿಲುಗಳು ಅಕ್ಕಪಕ್ಕ, ಒಂದೇ ಹಸಿರು ಬಣ್ಣ. ಕನ್ನಡಕದವರ ಹೆಂಡತಿ ಬೆಕ್ಕಿಗೆಂದು ಬಾಗಿಲನ್ನು ಓರೆ ಮಾಡಿದ್ದರು. ತಾತ ಒಳಗೆ ಹೋಗಿ ನಲ್ಲಿ ತಿರುಗಿಸಿದರು. ಗೋಡೆಯ ಈಚೆಗೆ ನನಗೆ ನೀರಿನ ಸದ್ದು ಕೇಳಿಸಿತು ಅಕ್ಕ. ನನಗೆ ಮಾತ್ರ ಗೊತ್ತಿತ್ತು ಅದು ಯಾರೆಂದು. ನಾನು ಹಾಸಿಗೆಯಿಂದ ಹಾರಿ, ಗೋಡೆ ಗುದ್ದಿ, 'ಹೊಡೀಬೇಡಿ, ತಾತ ಅದು!' ಎಂದು ಕೂಗಿದೆ. ಗೋಡೆ ಗುದ್ದಿದ ಸದ್ದಿಗೇ ಕನ್ನಡಕದವರು ಇನ್ನಷ್ಟು ಹೆದರಿದರಂತೆ, ಇನ್ನೂ ಜನ ಇದ್ದಾರೆ ಎಂದು.

ಊರಿಗೆಲ್ಲ ಕಣ್ಣು ಕೊಡುವ ಮನುಷ್ಯ, ತನ್ನ ಕನ್ನಡಕ ಹಾಕಿಕೊಳ್ಳಲು ಪುರುಸೊತ್ತಿರಲಿಲ್ಲ. ಪಿಸ್ತೂಲು ಹಿಡಿಯುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದರು. ನನ್ನ ಹತ್ತಿರವೇ ಕಲಿತದ್ದು.

ಅದೇ ಇನ್‌ಸ್ಪೆಕ್ಟರು ಬಂದರು, ಅದೇ ಮಾತು ಹೇಳಿದರು, ಅವರ ಬೆನ್ನನ್ನೂ ಹಾಗೇ ತಟ್ಟಿದರು. ಹಕ್ಕು ಹಕ್ಕೇ. ಕನ್ನಡಕದವರು ಮೋರಿಯ ಹತ್ತಿರ ಬಗ್ಗಿ ವಾಂತಿ ಮಾಡುತ್ತಿದ್ದರು. ಅವತ್ತಿನಿಂದ ಅಂಗಡಿ ತೆರೆದಿಲ್ಲ. ಅವರು ಕೆಟ್ಟವರಲ್ಲ. ಅವರ ಜಾಗದಲ್ಲಿ ನಾನೇ ಒಂದು ಸಲ ನಿಂತಿದ್ದೇನೆ, ನನ್ನ ಗುರಿ ತಪ್ಪಿತು, ಅವರದು ತಪ್ಪಲಿಲ್ಲ. ಅಷ್ಟೇ ವ್ಯತ್ಯಾಸ.

ತಾತನ ಮಗಳ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಂತೆ. ಅವಳು ಕೊರಳಿನ ಬೀಗದ ಕೈ ತಂದು ನನ್ನ ಕೈಯಲ್ಲಿಟ್ಟಳು. 'ನಿಮ್ಮ ಮನೇದು' ಎಂದಳು. ಬಾಯಿಗೆ ಬಂದ ಹಾಗೆ ಬೈದಿದ್ದರೆ ಚೆನ್ನಾಗಿತ್ತು. ಅವಳ ಬೀಗ ಹಾಕಿಕೊಟ್ಟಿದ್ದರೆ ಅವರು ಬದುಕಿರುತ್ತಿದ್ದರು. ನಮ್ಮ ಬೀಗ ಬದಲಿಸದಿದ್ದರೂ ಬದುಕಿರುತ್ತಿದ್ದರು. ನಾನು ಒಂದನ್ನು ಮಾಡಲಿಲ್ಲ, ಇನ್ನೊಂದನ್ನು ಮಾಡಿದೆ. ಎರಡೂ ಸರಿ ಎಂದುಕೊಂಡೇ.

ನಿನ್ನನ್ನು ದೂರುತ್ತಿಲ್ಲ. ನೀನು ಆಣೆ ಹಾಕಿದ್ದು ಇವಳಿಗಾಗಿ, ನನಗೆ ಗೊತ್ತು. ಇವಳ ಹೆದರಿಕೆಯೂ ಸುಳ್ಳಲ್ಲ. ಆದರೆ ಒಂದು ಮಾತು ಕೇಳಬೇಕು. ನಾನು ಜೀವನಪೂರ್ತಿ ಬಾಗಿಲು ಚೌಕಟ್ಟುಗಳನ್ನೇ ನೋಡಿದವನು. ಮರ ಬಾಗದೆ, ನೀರು ಇಳಿಯದೆ, ಚೌಕಟ್ಟಿನ ಮೇಲೆ ಒಂದೇ ಕಡೆ ಒಂದು ಹಿಡಿ ಗಾರೆ ಉದುರುವುದಿಲ್ಲ. ನನ್ನ ಅಡುಗೆಮನೆಯ ಗೋಡೆಯಲ್ಲೂ ಈಗ ಹಾಗೇ ಗುಂಡು ಕೊರೆದ ಒಂದು ಹಳ್ಳ ಇದೆ, ಕ್ಯಾಲೆಂಡರಿನ ಹಿಂದೆ. ನಿನ್ನ ಮಗಳು ಮೊದಲೆಲ್ಲ ಹೇಳದೆ ಕೇಳದೆ ತನ್ನ ಬೀಗದ ಕೈಯಿಂದ ಬಾಗಿಲು ತೆಗೆದುಕೊಂಡು ಬರುತ್ತಿದ್ದಳು. ಈಗ ಅದನ್ನು ನಿನಗೇ ಕೊಟ್ಟುಹೋಗಿದ್ದಾಳೆ, ಬರುವುದೂ ಇಲ್ಲ.

ಏನೂ ಹೇಳಬೇಡ ಅಕ್ಕ. ಅವಳಿಗೆ ಬೀಗದ ಕೈ ಕಳಿಸು.

ತಮ್ಮ


ಜೂನ್ 28

ಚಿಲಕಾ,

ಉತ್ತರಕ್ಕೆ ಕಾದು ಕಾದು ನಿನಗೆ ಸಾಕಾಗಿರಬೇಕು. ಬರೆದೆ, ಹರಿದೆ. ಯಂತ್ರದ ಕೆಳಗೆ ಬಟ್ಟೆಯ ಚೂರಿಗಿಂತ ಕಾಗದದ ಚೂರೇ ಜಾಸ್ತಿಯಾಗಿದೆ. ಗಾರೆಯ ಬಗ್ಗೆ ನೀನು ಕೇಳಿದ್ದಕ್ಕೆ ಏನು ಬರೆಯಲಿ? ಮಗಳು ಅವತ್ತು ನನಗೆ ಇಷ್ಟವೆಂದು ಬಿಸಿ ಬಿಸಿ ಬನ್ನು ಕಟ್ಟಿಸಿಕೊಂಡು ಬಂದಿದ್ದಳು. ನನ್ನ ಗುಂಡು ಒಂದು ಗೇಣು ಕೆಳಗಾಗಿದ್ದರೆ ಎಂದು ದಿನಾ ಅಳೆಯುತ್ತೇನೆ, ಅಳತೆ ಪಟ್ಟಿ ಹಿಡಿದು. ಹೊಲಿಗೆಯವಳ ಹಣೆಬರಹ.

ಮೇಸ್ತ್ರಿ ಕೊನೆಗೂ ಬಂದ. ವಾಪಸ್ಸು ಕಳಿಸಿದೆ. ಅದು ಹಾಗೇ ಇರಲಿ.

ನನ್ನ ಪಿಸ್ತೂಲು ಬಿಸಾಡಿಲ್ಲ, ನಿನ್ನ ಹತ್ತಿರ ಸುಳ್ಳು ಯಾಕೆ. ಬಟ್ಟೆ ತುಂಡುಗಳ ಪೆಟ್ಟಿಗೆಯ ತಳದಲ್ಲಿದೆ. ಮೇಲೆ ಯಂತ್ರದ ಮುಚ್ಚಳ ಇಟ್ಟಿದ್ದೇನೆ. ಆ ಇಬ್ಬರು ಬಂದದ್ದು ಸುಳ್ಳಲ್ಲ, ನಾಳೆ ಇನ್ನಿಬ್ಬರು ಬರುವುದಿಲ್ಲ ಎಂದು ನೀನೂ ಹೇಳಲಾರೆ. ನನ್ನ ಹಕ್ಕು ನನ್ನದೇ. ಆದರೆ ಹಕ್ಕು ಕಾದುಕೊಂಡು ಕೂತವಳ ಮನೆಗೆ ಮಗಳು ಬರುವುದಿಲ್ಲ.

ಮಗಳಿಗೆ ಬೀಗದ ಕೈ ಕಳಿಸಿದೆ. ಜೊತೆಗೊಂದು ಚೀಟಿ ಇಡಲು ಹೊರಟೆ. 'ಬರುವಾಗ ಸದ್ದು ಮಾಡಿಕೊಂಡು ಬಾ' ಎಂದು ಬರೆದೆ. ಆಮೇಲೆ ಅದನ್ನೂ ಹರಿದೆ. ಅವಳ ಮನೆ, ಅವಳು ಹೇಗೆ ಬೇಕಾದರೂ ಬರಲಿ. ಬೀಗದ ಕೈ ಮಾತ್ರ ಕಳಿಸಿದೆ.

ಅದು ಅವಳಿಗೆ ಮುಟ್ಟಿ ಬಹಳ ದಿನವಾಯಿತು. ಇನ್ನೂ ಬಂದಿಲ್ಲ.

ಸಂಜೆ ಹೊತ್ತು ಬಾಗಿಲ ಸರಪಳಿ ತೆಗೆದು, ಅಗುಳಿ ಸರಿಸಿ, ಬರೀ ಬೀಗ ಒಂದನ್ನು ಬಿಟ್ಟು, ಎದುರಿಗೆ ಕೂರುತ್ತೇನೆ. ಅದೇ ಕುರ್ಚಿ, ಬೇರೆ ಕುರ್ಚಿ ಇಲ್ಲ ಮನೆಯಲ್ಲಿ. ಮೆಟ್ಟಿಲ ಮೇಲೆ ಯಾರ ಹೆಜ್ಜೆಯಾದರೂ ಕೇಳಿದರೆ ಪೆಟ್ಟಿಗೆಯ ಕಡೆ ನೋಡುತ್ತೇನೆ. ಎದ್ದು ಸರಪಳಿ ಹಾಕಿಬಿಡೋಣ ಎನಿಸುತ್ತದೆ. ಆಗ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಅವತ್ತು ಬೇರೆಯವರು ಕಟ್ಟಿದ್ದರು. ಈಗ ನಾನೇ ಹಿಡಿದುಕೊಂಡು ಕೂತಿದ್ದೇನೆ, ಬಾಗಿಲು ನೋಡುತ್ತಾ.

ಅಕ್ಕ